ನನ್ನ ತಲೆಗೂ ಒಂದು ಮೊಟ್ಟೆ

ರೊಸಾರಿಯೋ, ಡಿಸೆಂಬರ್

ಅಪ್ಪಾ,

ನೀನು ಹೋಗಿ ಇಷ್ಟು ವರ್ಷವಾದರೂ ಈ ಸುದ್ದಿಯನ್ನು ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಬ್ರೆಂಡಾ ಇವತ್ತು ಎಂಜಿನಿಯರ್ ಆದಳು! ನಾನು ಮನೆಪಾಠ ಹೇಳಲು ಹೋದ ಮೊದಲ ದಿನ ನನ್ನನ್ನು ಕಂಡು ಬಚ್ಚಲುಮನೆಯ ಚಿಲಕ ಹಾಕಿಕೊಂಡ ಹುಡುಗಿ. ಅವಳಮ್ಮ ಈರುಳ್ಳಿ ಹೆಚ್ಚುತ್ತಿದ್ದ ಮೇಜಿನ ಇನ್ನೊಂದು ತುದಿಯಲ್ಲೇ ಅವಳಿಗೆ ಭಿನ್ನರಾಶಿ ಕಲಿಸಿದೆ. ಮನೆಮನೆ ಅಲೆಯುವುದೂ ಒಂದು ಕೆಲಸವೇ ಎಂದು ಆಡಿಕೊಳ್ಳುತ್ತಿದ್ದ ನೆಲಿದಾ ಅತ್ತೆಗೇ ಮೊದಲು ಫೋನ್ ಮಾಡಿದೆ.

ಕಡೆಯ ಪರೀಕ್ಷೆ ಮುಗಿಸಿ ಬ್ರೆಂಡಾ ಹೊರಬಂದಳು. ಡಿಗ್ರಿ ಮುಗಿಸಿದವರಿಗೆ ಮಾಡುವ ಹಾಗೆ ಮನೆಯವರೆಲ್ಲ ಅವಳ ತಲೆಗೆ ಮೊಟ್ಟೆ ಒಡೆದು ಹಿಟ್ಟು ಸುರಿದರು. ನಾನು ಬಿಳಿ ಅಂಗಿ ಕಾಪಾಡಿಕೊಂಡು ದೂರ ನಿಂತಿದ್ದೆ. ಅವಳು ನೇರವಾಗಿ ನನ್ನ ಹತ್ತಿರವೇ ಬಂದಳು.

“ಓಡ್‌ಬೇಡಿ ಮಿಸ್, ಇದು ನಿಮ್ ಪಾಲು!”

ಟಪ್ ಎಂದು ಒಡೆದೇಬಿಟ್ಟಳು. ಅವಳಮ್ಮ ಹಿಟ್ಟಿನ ಪೊಟ್ಟಣವನ್ನೇ ನನ್ನ ಮೇಲೆ ಮಗುಚಿದಳು.

ನನ್ನ ಡಿಗ್ರಿಯ ದಿನಕ್ಕೆಂದು ನೀನೂ ಒಂದು ಪೊಟ್ಟಣ ತಂದು ಕಪಾಟಿನಲ್ಲಿ ಇಟ್ಟಿದ್ದೆಯಲ್ಲ. ನಿನಗೆ ಕಾಯಿಲೆಯಾಗಿ ನಾನು ಓದು ಬಿಟ್ಟ ವಾರ ಆ ಹಿಟ್ಟು ಕಲಸಿ ನೀನೇ ಎಣ್ಣೆಯಲ್ಲಿ ರೊಟ್ಟಿ ಕರಿದೆ. ಇಬ್ಬರೂ ಕೂತು ತಿಂದು ಮುಗಿಸಿದೆವು.

ವಾಪಸ್ ಬರುವಾಗ ಬಸ್ಸಿನ ಡ್ರೈವರ್ ನನ್ನ ಅವತಾರ ನೋಡಿ ಬೆರಗಾದ. “ಭಲೇ ಅಕ್ಕಾ, ಈ ವಯಸ್ಸಲ್ಲಿ ಡಿಗ್ರಿನಾ? ಏನ್ ಓದಿದ್ರಿ?”

“ಗಣಿತ,” ಎಂದೆ, ಹಿಂದಿನ ಸೀಟಿಗೂ ಕೇಳುವಂತೆ.

ಇಡೀ ಬಸ್ಸು ಚಪ್ಪಾಳೆ ತಟ್ಟಿತು, ಅಪ್ಪಾ. ಇನ್ನೂ ತಲೆ ತೊಳೆದುಕೊಂಡಿಲ್ಲ.