ನೀಲಾಂಬಿಕೆ ಸ್ವಚ್ಛ ಮಾಡಿದ ಪರದೆ

ಹೊಸಬಾವಿ, ಫೆಬ್ರವರಿ ೩೦, ೨೧೯೪

ಕಂಪ್ಯೂಟರನ್ನು ಇನ್ನೂ ದಿನವೂ ಬಳಸುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ರಜೆ. ನನ್ನ ಕನ್ನಡ ನಿಮ್ಮ ಕಾಲದ ಪುಸ್ತಕಗಳಿಂದ ಕಲಿತದ್ದು, ವಿಚಿತ್ರವೆನಿಸಿದರೆ ಮನ್ನಿಸಿ.

ನಮ್ಮ ಮನೆಗಳ ಗೋಡೆಯಲ್ಲಿ ‘ಒಡನುಡಿ’ ಇರುತ್ತದೆ. ದೀಪ, ಅಡುಗೆ, ದೂರದವರೊಂದಿಗೆ ಮಾತು, ಎಲ್ಲವೂ ಅದಕ್ಕೆ ಹೇಳಿದರೆ ಆಗುತ್ತದೆ. ಹೀಗಾಗಿ ಯಾರಿಗೂ ಪರದೆಯ ಮೇಲೆ ಏನನ್ನೂ ತೆರೆದು ಅಭ್ಯಾಸವಿಲ್ಲ. ಆದರೆ ಊರಿನ ನೀರಿನ ಪೈಪುಗಳ ನಕ್ಷೆ ಮಾತ್ರ ನಿಮ್ಮ ಕಾಲದ ಒಂದು ಡೆಸ್ಕ್‌ಟಾಪ್‌ನಲ್ಲಿ, ಅದೂ ಒಂದೇ ಒಂದು ತಂತ್ರಾಂಶದಲ್ಲಿ ಉಳಿದಿದೆ. ಅದನ್ನು ಬಳಸಲು ಕಲಿಸುವುದು ನನ್ನ ಕೆಲಸ. ನೀರಿನ ಕಚೇರಿಯ ನೀಲಾಂಬಿಕೆ ನನ್ನ ವಿದ್ಯಾರ್ಥಿನಿ, ಐವತ್ತೆಂಟು ವರ್ಷ. ಅವರು ಮೌಸ್ ಹಿಡಿದು ತಡವರಿಸಿದರೆ ನನಗೆ ಸಹನೆಯೇ ಇರುತ್ತಿರಲಿಲ್ಲ. ಕೊಡಿ ಇಲ್ಲಿ ಎಂದು ಕಸಿದುಕೊಂಡು ನಾನೇ ನಕ್ಷೆ ತೆರೆದುಬಿಡುತ್ತಿದ್ದೆ. ಮೂರು ತಿಂಗಳ ಪಾಠ ಹೀಗೇ ನಡೆಯಿತು.

ನಮ್ಮಲ್ಲೊಂದು ಪದ್ಧತಿ: ಕೆಲಸ ಮುಗಿದ ಮೇಲೆ ಕಣ್ಣಿಗೆ ಕಾಣುವಂತೆ ಏನನ್ನೂ ಬಿಡಬಾರದು, ಬಿಟ್ಟರೆ ಮುಂದೆ ಬಂದು ಕೂರುವವರಿಗೆ ಅವಮಾನ. ಕಳೆದ ಸೋಮವಾರ ನೀಲಾಂಬಿಕೆ ಪರದೆಯ ಮೇಲಿದ್ದ ಐಕಾನ್‌ಗಳನ್ನೆಲ್ಲ ಶ್ರದ್ಧೆಯಿಂದ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿದರು. ಮರುದಿನ ಬೆಳಿಗ್ಗೆ ದೊಡ್ಡ ಪೈಪು ಒಡೆದು ಹೆರಿಗೆ ಆಸ್ಪತ್ರೆಗೆ ನೀರು ನುಗ್ಗಿತು. ಯಾವ ವಾಲ್ವ್ ಮುಚ್ಚಬೇಕೆಂದು ನಕ್ಷೆಯೇ ಹೇಳಬೇಕು. ನಾನು ಊರಲ್ಲಿರಲಿಲ್ಲ. ಒಡನುಡಿಯಲ್ಲಿ ಅವರ ದನಿ ಕೇಳಿತು: “ಅಕ್ಕಾರ, ನಾನ ಎಲ್ಲಾ ಸ್ವಚ್ಛ ಮಾಡಿಬಿಟ್ಟೇನ್ರಿ. ನಕ್ಷೇನೂ ಹೋತ್ರಿ!”

ಹೋಗಿರಲಿಲ್ಲ. ಪರದೆಯ ಐಕಾನ್ ಬಾಗಿಲ ಮೇಲಿನ ನಾಮಫಲಕದಂತೆ. ಅದನ್ನು ಕಿತ್ತರೆ ಮನೆಯವರೇನೂ ಮನೆ ಬಿಟ್ಟು ಹೋಗುವುದಿಲ್ಲ. ಕೆಳಗಿನ ಎಡಮೂಲೆಯ ಗುಂಡಿ ಒತ್ತಿದರೆ ತಂತ್ರಾಂಶಗಳ ಪಟ್ಟಿ ಬರುತ್ತದೆ, ಹೆಸರಿನ ಮೊದಲಕ್ಷರ ಟೈಪ್ ಮಾಡಿದರೂ ಸಿಗುತ್ತದೆ. ಇಷ್ಟನ್ನು ಬರೀ ಬಾಯಲ್ಲಿ ಹೇಳಿ ಅವರಿಂದ ಮಾಡಿಸಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಬಾಣಂತಿಯರು ಕೂಸುಗಳನ್ನೆತ್ತಿಕೊಂಡು ಮೊಣಕಾಲುಮಟ್ಟದ ನೀರಿನಲ್ಲಿ ನಿಂತಿದ್ದರು. ವಾಲ್ವ್ ಮುಚ್ಚಿತು, ಎಲ್ಲರೂ ಉಳಿದರು. ಊರಿನವರು ನೀಲಾಂಬಿಕೆಯನ್ನು ಬಾಯಿಗೆ ಬಂದಂತೆ ಬೈದರು. ಅವರ ಕೈಗೆ ಮೌಸ್ ಬಿಡದೆ ಕಲಿಸಿದ ತಪ್ಪು ನನ್ನದೆಂದು ಊರ ಸಭೆಯಲ್ಲಿ ಎದ್ದು ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಈಗ ಅವರು ನಕ್ಷೆಯನ್ನು ಪರದೆಯ ಕೆಳಪಟ್ಟಿಯಲ್ಲಿ ತಾವೇ ಕೂರಿಸಿಕೊಂಡಿದ್ದಾರೆ.

ನಿಮ್ಮಲ್ಲೊಂದು ಕೋರಿಕೆ. ಇವತ್ತು ನಿಮ್ಮ ಚಿಕ್ಕಮ್ಮನೋ, ಕಚೇರಿಗೆ ಹೊಸದಾಗಿ ಸೇರಿದವರೋ ಪರದೆಯ ಮುಂದೆ ತಡಕಾಡುತ್ತಿರಬಹುದು. ನಿಮ್ಮ ಕೈ ಸುಮ್ಮನಿರುವುದಿಲ್ಲ, ಗೊತ್ತು. ಕೈ ಕಟ್ಟಿಕೊಂಡು ಕೂತಿರಿ. ನೀವಿಲ್ಲದ ದಿನ ಅವರೊಬ್ಬರೇ ತಂತ್ರಾಂಶ ತೆರೆಯಬೇಕಾಗುತ್ತದೆ.

ನಿಮ್ಮ ನಂತರ ಬರಲಿರುವವಳು,
ದಾಕ್ಷಾಯಣಿ ಬಳಿಗಾರ