ಇಪ್ಪತ್ತೇಳನೆಯ ಮನೆಯ ಮೆಟ್ಟಿಲು

೨೮, ಹ್ಯಾರಿಯೆಟ್ ಬೀದಿ
ಲ್ಯಾಂಕಾಶೈರ್
೧೮ ಜೂನ್ ೧೯೭೩

ಪ್ರೀತಿಯ ಬರ್ತಾ,

ನಿನ್ನ ಮೂರು ಪತ್ರಗಳಿಗೂ ಸೇರಿಸಿ ಇದೊಂದೇ ಉತ್ತರ. ಬೈಯಬೇಡ, ಕೈಗೆ ಪುರುಸೊತ್ತೇ ಇರಲಿಲ್ಲ. ಅಡಿಲೇಡಿನ ಬಿಸಿಲು ನಿನ್ನ ಮಂಡಿಗೆ ಒಗ್ಗಿದೆ ಎಂದು ಓದಿ ಸಂತೋಷವಾಯಿತು. ಈಗ ನನ್ನ ಸುದ್ದಿ ಕೇಳು, ಬಾಯಲ್ಲಿ ನಿಲ್ಲುತ್ತಿಲ್ಲ: ನಮ್ಮ ಬೀದಿ ಉಳಿಯಿತು ಕಣೇ!

ಚಳಿಗಾಲದಲ್ಲಿ ನಗರಸಭೆಯ ನೋಟಿಸು ಬಂದಿತ್ತು. ನಲವತ್ತು ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದರೆ ಬೀದಿಯನ್ನೇ ಕೆಡವಿ ಹದಿನಾಲ್ಕು ಅಂತಸ್ತಿನ ಫ್ಲ್ಯಾಟು ಕಟ್ಟುತ್ತಾರಂತೆ. ಖಾಲಿಯಿದ್ದದ್ದು ಇಪ್ಪತ್ತೆರಡು, ನೀನು ಬಿಟ್ಟುಹೋದ ಇಪ್ಪತ್ತೇಳನೆಯದೂ ಸೇರಿ. ನಮ್ಮ ಮನೆಗಳನ್ನು 'ವಿಕ್ಟೋರಿಯಾ ಕಾಲದ ಜೀರ್ಣ ಕಟ್ಟಡಗಳು' ಎಂದು ಬರೆದಿದ್ದರು. ಪಕ್ಕದ ಮನೆಯ ಐವಿಗೆ ಮೈಯೆಲ್ಲ ಉರಿದುಹೋಯಿತು.

"ಜೀರ್ಣವಂತೆ! ಅವನಜ್ಜಿ ಜೀರ್ಣ! ಕಟ್ಟಿಸಿದ ಪುಣ್ಯಾತ್ಮ ನಾಲ್ಕು ಬೀದಿಗೂ ತನ್ನ ನಾಲ್ಕು ಹೆಣ್ಮಕ್ಕಳ ಹೆಸರಿಟ್ಟ, ಒಂದೊಂದು ಬಾಗಿಲ ಮೇಲೂ ಒಂದೊಂದು ಕಲ್ಲಿನ ಹೂವು ಕೆತ್ತಿಸಿದ. ಇವರು ಫ್ಲ್ಯಾಟಿನ ಬಾಗಿಲ ಮೇಲೆ ಏನು ಕೆತ್ತಿಸ್ತಾರೆ, ಲಿಫ್ಟಿನ ಗುಂಡಿಯಾ?"

ಅಕ್ಕಂದಿರ ಮೂರು ಬೀದಿಗಳೂ ಆಗಲೇ ನೆಲಸಮವಾಗಿದ್ದವು. ಹ್ಯಾರಿಯೆಟ್ ಒಬ್ಬಳೇ ಉಳಿದಿದ್ದಳು.

ಏಪ್ರಿಲಿನಲ್ಲಿ ಮನೆ ಎಣಿಸಲು ಒಬ್ಬ ಅಧಿಕಾರಿ ಬಂದ. ನಿನ್ನ ಮನೆಯ ಮುಂದೆ ನಿಂತು ಬಿಳಿ ಕಲ್ಲಿನಿಂದ ಉಜ್ಜಿ ಬೆಳ್ಳಗಾಗಿದ್ದ ಮೆಟ್ಟಿಲು ನೋಡಿದವನೇ 'ವಾಸವಿದ್ದಾರೆ' ಎಂದು ಬರೆದುಕೊಂಡ. ಅಷ್ಟರಲ್ಲಿ ಮಳೆ ಶುರುವಾಯಿತು. ಉಳಿದ ಮನೆಗಳಿಗೆ ಶುಕ್ರವಾರ ಬರುತ್ತೇನೆ ಎಂದು ಹೊರಟ. ಅವನ ಹೆಗಲ ಮೇಲಿಂದ ಇಣುಕಿದ್ದ ಐವಿ ಸೀದಾ ನನ್ನ ಅಡುಗೆಮನೆಗೆ ಓಡಿಬಂದಳು.

"ಎಥೆಲ್, ಇಪ್ಪತ್ತೇಳರ ಮೆಟ್ಟಿಲು ಯಾರೇ ಉಜ್ಜೋದು?"

"ನಾನೇ. ನನ್ನದು ಉಜ್ಜೋವಾಗ ಕಲ್ಲು ಕೈಯಲ್ಲೇ ಇರುತ್ತಲ್ಲ, ಅದಕ್ಕೂ ಒಂದು ಕೈ ಹಾಕ್ತೀನಿ. ಅಭ್ಯಾಸ."

"ಅದು ಎದುರು ಸಾಲಲ್ಲಿದೆಯಲ್ಲೇ! ರಸ್ತೆ ದಾಟಿ ಹೋಗೋ ಅಭ್ಯಾಸವಾ? ಹಾಗಿದ್ರೆ ಮಿಕ್ಕ ಮನೆಗಳಿಗೂ ಅಭ್ಯಾಸ ಮಾಡ್ಕೋ!"

ಮೂರು ದಿನ ಬೀದಿಯ ಹೆಂಗಸರೆಲ್ಲ ಮೊಣಕಾಲೂರಿದೆವು. ಹಳೇ ಬಟ್ಟೆ ತೆಗೆದುಕೊಂಡು ಬದಲಿಗೆ ಮೆಟ್ಟಿಲು ಉಜ್ಜುವ ಕಲ್ಲು ಕೊಡುವ ಗಾಡಿಯವನು "ಏನ್ರಮ್ಮಾ, ಕಲ್ಲು ತಿಂತೀರಾ?" ಎಂದ. ನನ್ನ ಯಜಮಾನರ ಎರಡು ಪ್ಯಾಂಟು ಹಾಗೆ ಹೋದವು, ಅವರಿಗಿನ್ನೂ ಗೊತ್ತಿಲ್ಲ. ಖಾಲಿ ಮನೆಗಳಿಗೆ ಪರದೆ ಕಟ್ಟಲು ಹಿಂದಿನ ಕಿಟಕಿಯಿಂದ ನುಗ್ಗಿದ ಐವಿ ನಡುವೆಯೇ ಸಿಕ್ಕಿಕೊಂಡಳು. ನಾಲ್ವರು ಎಳೆದೆವು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಶುಕ್ರವಾರ ಅಧಿಕಾರಿ ಬಂದು ಮೂವತ್ತೊಂದರ ಬಾಗಿಲು ತಟ್ಟಿದ.

"ರಾತ್ರಿ ಪಾಳಿಯವರು ಸ್ವಾಮಿ, ಎಬ್ಬಿಸಿದ್ರೆ ಬೂಟು ಎಸೀತಾರೆ," ಎಂದಳು ಐವಿ.

ಅವನು ಕುಕ್ಕರುಗಾಲಲ್ಲಿ ಕೂತು ಮೆಟ್ಟಿಲ ಮೇಲೆ ಬೆರಳಾಡಿಸಿದ. "ನಮ್ಮಮ್ಮನೂ ಹೀಗೇ ಉಜ್ಜೋಳು. ಅಂಚಿನ ಬಿಳಿ ಗೆರೆ ಒಬ್ಬೊಬ್ಬರದು ಒಂದೊಂದು ಥರ ಇರುತ್ತೆ. ಇಲ್ಲಿ ಸಾಲಾಗಿ ಆರು ಮನೆಗೂ ಒಂದೇ ಗೆರೆ ಇದೆಯಲ್ಲಮ್ಮ?"

ನಾನು ಕೈ ಹಿಂದಕ್ಕೆ ಕಟ್ಟಿಕೊಳ್ಳಹೋದೆ. ಅವನು ನನ್ನ ಬಿಳಿಯಾದ ಉಗುರುಗಳನ್ನೇ ನೋಡಿದ. "ಎಲ್ಲಾ ಒಂದೇ ಮನೆತನದವರು ಅನ್ಸುತ್ತೆ," ಎಂದು ಆರು ಮನೆಗೂ 'ವಾಸವಿದ್ದಾರೆ' ಎಂದು ಬರೆದು, ಟೋಪಿ ಮುಟ್ಟಿ ಮುಂದೆ ನಡೆದ.

ಕಳೆದ ವಾರ ಆದೇಶ ಬಂತು. ಕೆಡವುವುದಿಲ್ಲ, ಪ್ರತಿ ಮನೆಯೊಳಗೂ ಬಚ್ಚಲು ಕಟ್ಟಿಸಿಕೊಡುತ್ತಾರೆ! ಶನಿವಾರ ಬೀದಿಯುದ್ದಕ್ಕೂ ಮೇಜು ಹಾಕಿ ಪೈ ತಿಂದೆವು, ಬಿಯರ್ ಕುಡಿದೆವು, ಐವಿಯ ಪಿಯಾನೋವನ್ನು ಹೊರಗೆ ತಳ್ಳಿ ಕುಣಿದೆವು. ನಿನ್ನ ಮನೆಗೆ ಮುಂದಿನ ತಿಂಗಳು ಮಗುವಿರುವ ಚಿಕ್ಕ ಸಂಸಾರವೊಂದು ಬರುತ್ತದೆ. ಬಾಗಿಲ ಮೇಲಿನ ನಿನ್ನ ಕಲ್ಲಿನ ಗುಲಾಬಿಯ ಮಸಿಯನ್ನೆಲ್ಲ ತೊಳೆದಿದ್ದೇನೆ. ಆ ಮಗುವಿನ ತಾಯಿಗೆಂದು ಒಂದು ಉಜ್ಜುವ ಕಲ್ಲು ತೆಗೆದಿಟ್ಟಿದ್ದೇನೆ. ಇನ್ನು ಅವಳೇ ಉಜ್ಜಿಕೊಳ್ಳಲಿ.

ನಿನ್ನ ಮಗಳು, ಮೊಮ್ಮಕ್ಕಳು ತಣ್ಣಗಿರಲಿ. ನಿನ್ನ ಮಂಡಿ ನೂರು ವರ್ಷ ಬಾಳಲಿ.

ನಿನ್ನ
ಎಥೆಲ್

ಮರೆತಿದ್ದೆ: ನೀನು ಹೊರಟ ದಿನ ನಾನು ಅಕ್ಕನ ಮನೆಗೆ ಹೋಗಿದ್ದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಮರೆತಿದ್ದೆ ಎಂಬುದೂ ಸುಳ್ಳೇ. ನೀನು ಮೂರು ಸಲ ಬಾಗಿಲು ತಟ್ಟಿದಾಗ ನಾನು ಒಳಗೇ ನಿಂತಿದ್ದೆ. ತೆರೆದಿದ್ದರೆ ನಿನ್ನ ಕೈ ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಕಾರು ತಿರುವು ದಾಟಿದ ಮೇಲೆ ಬಂದು ನೋಡಿದೆ. ಹೊರಡುವ ಬೆಳಿಗ್ಗೆಯೂ ಮೆಟ್ಟಿಲು ಉಜ್ಜಿಟ್ಟಿದ್ದೆ ನೀನು. ಹಸಿ ಆರುವ ಮೊದಲೇ ಇಳಿದುಹೋದ ನಿನ್ನ ಒಂದು ಹೆಜ್ಜೆ ಅದರ ಮೇಲೆ ಮೂಡಿತ್ತು. ಮಳೆ ಬಂದು ಅಳಿಸುವವರೆಗೂ ನಾನು ಅದರ ಸುತ್ತಲಷ್ಟೇ ಉಜ್ಜಿದೆ, ಬರ್ತಾ.