ಗಂಡನ ಸಹಿ

ಲೋಮೆ
20 ಫೆಬ್ರವರಿ 1994

ನಮ್ಮ ಮಗಳು ಕೊಕೊಳ ಅಮ್ಮ ದೊಪೆಗೆ,

ನಾವಿಲ್ಲಿ ಚೆನ್ನಾಗಿದ್ದೇವೆ, ನೀನೂ ಕೊತೊನೂದಲ್ಲಿ ಚೆನ್ನಾಗಿದ್ದೀಯೆ ಎಂದುಕೊಂಡೇ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ. ಗಡಿಯಲ್ಲಿ ಸಿಪಾಯಿಗಳು ಕಾಗದ ಬಿಚ್ಚಿ ಓದುತ್ತಾರೆಂದು ಟ್ಯಾಕ್ಸಿಯ ಫೋಲಿ ಎರಡು ಸಲ ನನ್ನ ಲಕೋಟೆ ಹಿಂದಕ್ಕೆ ಕೊಟ್ಟ. ಗಂಡ ಹೆಂಡತಿಗೆ ಬರೆದದ್ದರಲ್ಲಿ ಸರ್ಕಾರ ಉರುಳಿಸುವಂಥದ್ದು ಏನಿರುತ್ತದೆ ಎಂದು ಕೇಳಿದೆ. "ಮೇಷ್ಟ್ರೇ, ನಿಮ್ ಹೆಸ್ರು ಕಂಡ್ರೆ ಸಾಕು, ನನ್ ಗಾಡಿ ಬಿಡಲ್ಲ" ಎಂದ. ಮುಷ್ಕರದ ಕರೆಗೆ ಸಹಿ ಹಾಕಿದ ಮೇಷ್ಟರುಗಳ ಮೇಲೆ ಸರ್ಕಾರದ ಕಣ್ಣು ಇನ್ನೂ ಹಾಗೇ ಇದೆ. ಈ ಸಲ ಲಕೋಟೆಯ ಮೇಲೆ ಆಯೆಲೆಯ ಹೆಸರು ಹಾಕಿ ಕಳಿಸುತ್ತಿದ್ದೇನೆ.

ಡಾಕರಿನಲ್ಲಿ ದೊಡ್ಡವರು ಕೂತು ನಮ್ಮ ಫ್ರಾಂಕನ್ನು ಅರ್ಧಕ್ಕೆ ಇಳಿಸಿದ ಮೇಲೆ ಅಸ್ಸಿಗಾಮೆ ಮಾರುಕಟ್ಟೆ ಬಿಕೋ ಎನ್ನುತ್ತಿದೆ. ಯುರೋಪಿನಿಂದ ಬರುವ ಬಟ್ಟೆಗೆ ಈಗ ಎರಡು ಪಟ್ಟು ಕೊಡಬೇಕು. ಇರುವುದನ್ನು ಹಳೆಯ ಬೆಲೆಗೆ ಮಾರಿದರೆ ಹೊಸದು ತರಲಾಗದು, ಮಾರದಿದ್ದರೆ ಒಲೆ ಹೊತ್ತದು. ಎಲ್ಲರೂ ಅರ್ಧ ಬಾಗಿಲು ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ.

ಇಲ್ಲಿಯ ಅಂಗಡಿಯ ಚಿಂತೆ ನಿನಗೆ ಬೇಡ. ನಿನ್ನ ಚಿಕ್ಕಮ್ಮನ ಮಗಳು ಆಯೆಲೆ ಅದನ್ನು ನನ್ನ ಕೈಗೆ ಕೊಡುವಷ್ಟು ದಡ್ಡಿಯಲ್ಲ. ಅವಳು ಕೊತೊನೂಗೆ ಹೋಗಿ ನಿನ್ನನ್ನು ನೋಡಿಕೊಂಡು ಬಂದಾಗಿನಿಂದ ಬಾಯಿ ತೆರೆದರೆ ನಿನ್ನದೇ ಮಾತು. ನೀನು ಸರಕಿನ ಬೇಲು ಬಿಚ್ಚಿ, ಕತ್ತರಿ ತರಿಸಿ, ಹನ್ನೆರಡು ಗಜದ ಬಟ್ಟೆಯನ್ನು ಎರಡೆರಡು ಗಜಕ್ಕೆ ಕತ್ತರಿಸಿದೆಯಂತೆ. ಸಗಟು ಅಂಗಡಿಯಲ್ಲಿ ಕತ್ತರಿಯೇ ಎಂದು ಪಕ್ಕದವರು ಮೂಗು ಮುರಿದರಂತೆ. "ಪೂರ್ತಿ ಉಡಕ್ಕಾಗ್ದೋಳು ಅರ್ಧ ಉಡ್ಲಿ. ಆದ್ರೆ ನಮ್ದೇ ಉಡ್ಲಿ" ಎಂದೆಯಂತೆ. ಆಯೆಲೆ ಸೊಂಟದ ಮೇಲೆ ಕೈಯಿಟ್ಟು ನಿನ್ನ ಹಾಗೇ ಹೇಳಿ ತೋರಿಸಿದಳು. ಪಕ್ಕದ ನೈಜೀರಿಯಾದವರ ನಾಯ್ರಾಕ್ಕೆ, ಅಲ್ಲೂ ನಡೆಯುವ ನಮ್ಮ ಫ್ರಾಂಕು ಈಗ ಅಗ್ಗವಾಗಿ, ಅವರು ಲಾರಿ ತಂದು ಉಳಿದ ಬೇಲುಗಳನ್ನು ತುಂಬಿಕೊಂಡು ಹೋದರಂತಲ್ಲ! ನಾನು ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಪಾಠ ಮಾಡಿದವನು. ಗಡಿಯೆಂದರೆ ಕೆಂಪು ಶಾಯಿಯಲ್ಲಿ ಎಳೆಯುವ ಗೆರೆ ಎಂದಷ್ಟೇ ಗೊತ್ತಿತ್ತು. ಅದರ ಈಚೆ ಕೂತರೆ ದಿವಾಳಿ, ಆಚೆ ಕೂತರೆ ವ್ಯಾಪಾರ ಎಂಬುದು ಮುಷ್ಕರ ಶುರುವಾದ ತಿಂಗಳಲ್ಲೇ ನಿನಗೆ ಹೊಳೆದಿತ್ತು. ಅರ್ಧ ಸರಕು ಗಡಿಯಾಚೆ ಬೆನಿನ್ನಿಗೆ, ಕೊತೊನೂಗೆ ಸಾಗಿಸುತ್ತೇನೆ ಎಂದಾಗ ನಾನು ನಕ್ಕಿದ್ದೆ. ಈಗ ಆಯೆಲೆ ನನ್ನನ್ನು ನೋಡಿ ನಗುತ್ತಾಳೆ.

ಈಗ ಮುಖ್ಯ ಸುದ್ದಿ. ಮಂಗಳವಾರ ಯುರೋಪಿನ ಬಟ್ಟೆ ಕಂಪನಿಯ ಹೊಸ ಏಜೆಂಟ ರೂಲೋಫ್ ಮನೆಗೆ ಬಂದಿದ್ದ. ಕೊತೊನೂದಲ್ಲಿ ನಿನ್ನ ಜೊತೆ ಮಾತಾಡಿ, ನಿನ್ನ ಬಗ್ಗೆ ಇಲ್ಲಿ ನಾಲ್ಕು ಜನರನ್ನು ವಿಚಾರಿಸಲು ಬಂದನಂತೆ. "ಅತ್ತೆ ಕೇಳಿಸಿಕೊಂಡಳು" ಚಿತ್ತಾರದ ಬಟ್ಟೆ ಮಾರುವ ಹಕ್ಕು ಇನ್ನು ಮುಂದೆ ಯಾರ ಕೈಗೆ ಎಂಬುದನ್ನು ಅವನು ತೀರ್ಮಾನಿಸಬೇಕು. ಕರ್ನಲನ ಹೆಂಡತಿಯೂ ಬಟ್ಟೆ ಮಾರುವವಳು, ಅದರ ಮೇಲೆ ಕಣ್ಣಿಟ್ಟು ಕೂತಿದ್ದಾಳೆ. ಆ ಒಂದು ಚಿತ್ತಾರ ಹೋಯಿತೆಂದರೆ ನಿನ್ನ ಅಂಗಡಿಯಲ್ಲಿ ಉಳಿಯುವುದು ಕತ್ತರಿ ಮಾತ್ರ ಎಂದು ನನಗೂ ಗೊತ್ತು.

ಆ ಬಟ್ಟೆಗೆ ಹೆಸರು ಬಂದದ್ದು ಹೇಗೆ ಎಂದು ಅವನು ಕೇಳಿದ. ಹೇಳಲು ನನಗಿಂತ ಒಳ್ಳೆಯ ಸಾಕ್ಷಿ ಇನ್ನಾರು? ಅವರ ದೇಶದ ಚಿತ್ರಗಾರ ಬರೆದದ್ದು ಸಮುದ್ರದ ಚಿಪ್ಪು. ಒಂದು ವರ್ಷ ಯಾರೂ ಅದನ್ನು ಮೂಸಲಿಲ್ಲ. ನೀನು ಬಟ್ಟೆಯನ್ನು ತಲೆಕೆಳಗು ಮಾಡಿ ನೋಡಿ, ಇದು ಕಿವಿಯಲ್ಲವೇ ಎಂದೆ. ಅದೇ ವಾರ ನನ್ನಮ್ಮ ತನ್ನ ಸಾರಿನ ಬಗ್ಗೆ ನೀನಾಡಿದ ಮಾತನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ನೀನು ಹೆಸರಿಟ್ಟದ್ದೇ ತಡ, ಅಬಿಜಾನಿನಿಂದ ಕಿನ್ಶಾಸಾವರೆಗೆ ಅತ್ತೆಯಿರುವ ಹೆಂಗಸರೆಲ್ಲ ಅದನ್ನೇ ಉಟ್ಟರು. ನನ್ನಮ್ಮನೂ ಒಂದು ಕೊಂಡು ಭಾನುವಾರ ಚರ್ಚಿಗೆ ಉಟ್ಟು ಬಂದು, "ಹೂಂ, ಕೇಳಿಸ್ಕೊಂಡೆ. ಏನೀಗ?" ಎಂದು ನಿನ್ನ ಪಕ್ಕದಲ್ಲೇ ಕೂತಳು. ಇದನ್ನು ಹೇಳುವಾಗ ರೂಲೋಫ್ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಆಮೇಲೆ ಗಂಭೀರವಾದ. ಚಿತ್ರ ಕಂಪನಿಯದ್ದು, ಅದು ಅವರ ದೇಶದಲ್ಲಿ ನೋಂದಣಿಯಾಗಿದೆ, ಯಾರಿಗೆ ಬೇಕಾದರೂ ಕೊಡಬಹುದು ಎಂದ. ಹೆಸರು ಯಾವ ಕಚೇರಿಯಲ್ಲಿ ನೋಂದಣಿಯಾಗಿದೆ ಎಂದು ಕೇಳಿದ. ಮಾರುಕಟ್ಟೆಯಲ್ಲಿ ಎಂದೆ. ಅದನ್ನು ಮೀರಿದವರಿಗೆ ಏನು ಶಿಕ್ಷೆ ಎಂದು ಕೇಳಿದ. ಹಿಂದಿನ ಸಾಲಿನ ಅಂಗಡಿಯವಳು ಲಾಗೋಸಿನಿಂದ ಅದರ ನಕಲು ತಂದು ಮಾರಿದಾಗ ನೀವು ಹಿರಿಯರೆಲ್ಲ ಮುಕ್ಕಾಲಿ ಹೊತ್ತುಕೊಂಡು ಹೋಗಿ ಅವಳ ಅಂಗಡಿಯ ಮುಂದೆ ಸುಮ್ಮನೆ ಕೂತದ್ದನ್ನು ಹೇಳಿದೆ. ಬೈಗುಳವಿಲ್ಲ, ಪೊಲೀಸರಿಲ್ಲ. ಗಿರಾಕಿಗಳು ನಿಮ್ಮನ್ನು ದಾಟಿ ಒಳಗೆ ಹೋಗಲಾರದೆ ವಾಪಸಾದರು. ಕೊನೆಗೆ ಅವಳೇ ಒಂದು ಸೀಸೆ ಸೊಡಾಬಿ ಸಾರಾಯಿ ತಂದು ನಿನ್ನ ಮುಂದಿಟ್ಟು ತಪ್ಪಾಯಿತು ಎಂದಳು. ನೀನು ಅವಳಿಗೆ ಮಾರಿಕೊಳ್ಳಲು ಬೇರೆ ಚಿತ್ತಾರ ಕೊಟ್ಟು ಕಳಿಸಿದೆ. ಇಂಥ ವ್ಯಾಜ್ಯ ನಮ್ಮಲ್ಲಾದರೆ ವಕೀಲರ ಮೊಮ್ಮಕ್ಕಳೂ ಉಂಡುಟ್ಟು ಸುಖವಾಗಿರುತ್ತಿದ್ದರು ಎಂದ ರೂಲೋಫ್. ಹುಡುಗ ಕೆಟ್ಟವನಲ್ಲ.

ಆದರೂ ಅವನ ಕಂಪನಿಗೆ ಬಾಯಿಮಾತು ಇನ್ನು ಸಾಲದಂತೆ, ಕರಾರುಪತ್ರ ಬೇಕಂತೆ. ಮದುವೆಯಾದ ಹೆಂಗಸಾದರೆ ಗಂಡನ ಸಹಿಯೂ ಬೇಕಂತೆ. ಈ ಕಡೆಯ ಕಾನೂನಿನಲ್ಲಿ ಗಂಡ ಬೇಡವೆಂದರೆ ಹೆಂಡತಿಯ ವ್ಯಾಪಾರ ನಿಲ್ಲಿಸಬಹುದು, ಆಮೇಲೆ ಕಂಪನಿಯ ಸರಕು ಮುಳುಗುತ್ತದೆ ಎಂದು ಕಂಪನಿಯ ವಕೀಲರು ಹೇಳಿದ್ದಾರಂತೆ. ನಾನು ನಿನ್ನ ವ್ಯಾಪಾರ ನಿಲ್ಲಿಸುವುದು! ನೀನು ಹತ್ತಿದ ಟ್ಯಾಕ್ಸಿಯನ್ನೇ ನಿಲ್ಲಿಸಲಾಗದವನು ನಾನು. ಕರ್ನಲನಂತೂ ಕೇಳುವ ಮೊದಲೇ ಪೆನ್ನು ಹಿಡಿದು ಕೂತಿದ್ದಾನಂತೆ. ನನ್ನ ಸಹಿಯಿಂದ ಮಾತ್ರ ಇನ್ನೊಂದು ತಂಟೆ. ಆಮದಿಗೆ ಪರವಾನಗಿ ಕೊಡುವವರು ಮುಷ್ಕರದ ಮೇಷ್ಟರ ಹೆಸರು ಕಂಡರೆ ಕಾಗದವನ್ನು ಮೂಲೆಗೆ ಎಸೆಯುತ್ತಾರೆ. ನಾನು ಸಹಿ ಹಾಕದಿದ್ದರೂ ಕೆಟ್ಟಿತು, ಹಾಕಿದರೂ ಕೆಟ್ಟಿತು.

ಹೆದರಬೇಡ, ಎಲ್ಲ ಬಗೆಹರಿಯಿತು. ನಿನ್ನ ಮಟ್ಟಿಗೆ ನಿನ್ನೊಬ್ಬಳ ಸಹಿ ಸಾಕು ಎಂದ ರೂಲೋಫ್. ಆಯೆಲೆ ಬಡಿಸಿದ ಮುದ್ದೆಯನ್ನು ಸೊಪ್ಪಿನ ಸಾರಿಗೆ ಅದ್ದಿ, ಖಾರಕ್ಕೆ ಬೆವರುತ್ತ, ಕೈಯಲ್ಲೇ ತಿಂದ. ಹೋಗುವಾಗ ಬಾಗಿಲಲ್ಲಿ ನಿಂತು, "ಆ ಚಿತ್ತಾರ ಮೇಡಂದೇ. ತಿಂಗಳ ಕೊನೇಲಿ ಕರಾರುಪತ್ರ ತಗೊಂಡು ಕೊತೊನೂಗೆ ಹೋಗ್ತೀನಿ" ಎಂದ. ಅವನ ಕಾರು ತಿರುವು ದಾಟಿದ್ದೇ ತಡ, ಆಯೆಲೆ ಸೌಟು ಹಿಡಿದುಕೊಂಡೇ ಅಂಗಳದಲ್ಲಿ ಒಂದು ಸುತ್ತು ಕುಣಿದಳು.

ದೊಪೆ, ನನಗೆ ಎಷ್ಟು ಹೆಮ್ಮೆಯೆಂದು ಎದುರಿಗೆ ಹೇಳಿದರೆ ನೀನು ತಮಾಷೆ ಮಾಡುತ್ತೀಯೆ, ಅದಕ್ಕೇ ಬರೆಯುತ್ತಿದ್ದೇನೆ. ಮೇಲಿನವರು ದುಡ್ಡಿನ ಬೆಲೆ ಇಳಿಸಿದರು, ಗಡಿ ಬಿಗಿ ಮಾಡಿದರು, ಗಂಡನ ಸಹಿ ಕೇಳಿದರು. ಒಂದೊಂದಕ್ಕೂ ನೀನು ಒಂದೊಂದು ದಾರಿ ಹುಡುಕಿದೆ. ನಾವು ಮೇಷ್ಟರುಗಳು ಒಂಬತ್ತು ತಿಂಗಳು ಶಾಲೆ ಮುಚ್ಚಿಯೂ ಏನನ್ನೂ ಅಲುಗಾಡಿಸಲಿಲ್ಲ. ನಿನ್ನ ಹಾಗೆ ನಡೆಯಬಲ್ಲವರು ಈ ಊರಲ್ಲಿ ಇನ್ನೊಬ್ಬರಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಲಗೂನಿನ ಹಿನ್ನೀರ ಕಡೆಯ ಆ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿಕೋ. ಹಿರಿಯರು ನಿನ್ನ ತಲೆ ಕಾಯಲಿ, ನೀನು ಮುಟ್ಟಿದ ಬಟ್ಟೆಯೆಲ್ಲ ಮಾರಿಹೋಗಲಿ.

ನಿನ್ನ
ಟೆಟೆವಿ

ತಾ. ಕ.: ನಿನ್ನೊಬ್ಬಳ ಸಹಿ ಹೇಗೆ ಸಾಕಾಯಿತು ಎಂಬುದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಲಕೋಟೆ ಅಂಟಿಸಲಾಗಲಿಲ್ಲ. ಬಾಗಿಲು ತೆರೆದಾಗ ರೂಲೋಫ್ ಟೋಪಿ ತೆಗೆದು ಮೊದಲು ಆಡಿದ ಮಾತು ಇದು: "ಮೇಡಂ ಅವ್ರ ಯಜಮಾನ್ರು ತೀರ್ಕೊಂಡ ವಿಷ್ಯ ಕೊತೊನೂನಲ್ಲಿ ಮೇಡಂ ಹೇಳಿದ್ರು. ತುಂಬಾ ಬೇಜಾರಾಯ್ತು. ನೀವು ಅವ್ರಿಗೆ ಏನಾಗ್ಬೇಕು?" ನಾನು ಗಂಡನ ಅಣ್ಣ ಎಂದೆ. ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೊ ನೋಡಿ, ನಿಮಗೂ ನಿಮ್ಮ ತಮ್ಮನಿಗೂ ಬಹಳ ಹೋಲಿಕೆ ಎಂದ. ಎಲ್ಲರೂ ಹಾಗೇ ಹೇಳುತ್ತಿದ್ದರು ಎಂದೆ.

ಆಯೆಲೆ ಆಗ ನೀರು ತಂದಳು. ಲೋಟ ಅವನ ಕೈಗಿಟ್ಟು, ತೀರಿಕೊಂಡವನು ಬಹಳ ಒಳ್ಳೆಯವನು ಎಂದಳು. ಅವಳಿಗೂ ಮೊದಲೇ ಗೊತ್ತಿತ್ತು.

ಉಪಾಯ ಒಳ್ಳೆಯದೇ. ವಿಧವೆಗೆ ಯಾರ ಸಹಿಯೂ ಬೇಡ, ಸತ್ತವನ ಮೇಲೆ ಯಾವ ಸರ್ಕಾರಕ್ಕೂ ಸಿಟ್ಟಿಲ್ಲ. ನನಗೆ ಒಂದು ಮಾತು ಹೇಳಿದ್ದರೆ ನಾನೇ ಒಪ್ಪಿಕೊಂಡು ಸಾಯುತ್ತಿದ್ದೆ. ಹೇಳಲಿಲ್ಲವಲ್ಲ, ಅದರಿಂದ ನನಗೆ ಬಹಳ ನೋವಾಯಿತು.

ಏನಾಗಿತ್ತು ಎಂದು ಅವನು ಕೇಳಿದ. ಹೃದಯ ನಿಂತುಹೋಯಿತು ಎಂದೆ. ನೀನು ಬೇರೆ ಕಾಯಿಲೆ ಹೇಳಿದ್ದರೆ ಫೋಲಿಯ ಕೈಯಲ್ಲಿ ಬೇಗ ತಿಳಿಸು, ನಮ್ಮಿಬ್ಬರ ಮಾತು ಒಂದೇ ಇರಬೇಕು. ನಾನು ಎಷ್ಟು ದಿನ ಮಲಗಿದ್ದೆ, ಕೊನೆಗೆ ನೀನು ಹತ್ತಿರ ಇದ್ದೆಯೋ ಇಲ್ಲವೋ, ಅದನ್ನೂ ಬರೆ.